ಅಮೆರಿಕ ಅಧ್ಯಕ್ಷರ ಸಹಿ ಎಂದರೆ ಸುಗ್ರೀವಾಜ್ಞೆಯೇ?

ಪ್ರಶ್ನೆ: ಅಮೆರಿಕದ ಅಧ್ಯಕ್ಷರು ಕ್ಯಾಮೆರಾಗಳ ಮುಂದೆ ದಪ್ಪ ಪೆನ್ನಿನಲ್ಲಿ ಸಹಿ ಹಾಕಿ ಫೈಲು ಎತ್ತಿ ತೋರಿಸುತ್ತಾರೆ. ಮಾರನೇ ದಿನವೇ ವೀಸಾ ಬದಲಾಯಿತು, ಸುಂಕ ಏರಿತು ಅಂತ ಸುದ್ದಿ ಬರುತ್ತದೆ. ಸಂಸತ್ತಿನಲ್ಲಿ ಚರ್ಚೆ ಇಲ್ಲ, ಮತದಾನ ಇಲ್ಲ. ಇದು ನಮ್ಮ ಸುಗ್ರೀವಾಜ್ಞೆಯಂಥದ್ದೇನಾ? ಅವರು ಏನು ಬರೆದು ಸಹಿ ಹಾಕಿದರೂ ಅದು ಕಾನೂನಾಗಿಬಿಡುತ್ತದೆಯೇ?

ಉತ್ತರ: ಅಲ್ಲ. ನಿಜ ಹೇಳಬೇಕೆಂದರೆ ನಮ್ಮ ಸುಗ್ರೀವಾಜ್ಞೆಯೇ ಅದಕ್ಕಿಂತ ಗಟ್ಟಿ.

ಆ ಪದದ ಹಿಂದಿನ ಕತೆ ಗೊತ್ತಿರಬಹುದು. ಸೀತೆಯನ್ನು ಹುಡುಕಲು ಹೊರಟ ಕಪಿಸೇನೆಗೆ ಸುಗ್ರೀವ ಒಂದು ತಿಂಗಳ ಗಡುವು ಕೊಟ್ಟ, ತಪ್ಪಿದರೆ ತಲೆದಂಡ ಎಂದ. ದಕ್ಷಿಣಕ್ಕೆ ಹೋದ ಅಂಗದನ ತಂಡ ಗಡುವು ಮೀರಿದ್ದು ತಿಳಿದು, ಕಿಷ್ಕಿಂಧೆಗೆ ಮರಳುವುದಕ್ಕಿಂತ ಇಲ್ಲೇ ಉಪವಾಸ ಬಿದ್ದು ಸಾಯುವುದು ಮೇಲು ಎಂದು ಕಡಲ ದಂಡೆಯಲ್ಲಿ ಕೂತುಬಿಟ್ಟಿತು. ಅಂಥ ಆಜ್ಞೆ ಅದು. ನಮ್ಮ ಸಂವಿಧಾನದ 123ನೇ ವಿಧಿ ರಾಷ್ಟ್ರಪತಿಗೂ 213ನೇ ವಿಧಿ ರಾಜ್ಯಪಾಲರಿಗೂ ಕೊಟ್ಟಿರುವ ಅಧಿಕಾರಕ್ಕೆ ಈ ಹೆಸರು ಹೊಂದುತ್ತದೆ. ಸದನ ನಡೆಯದಿರುವಾಗ, ಸಚಿವ ಸಂಪುಟದ ಸಲಹೆಯಂತೆ ಹೊರಡುವ ಸುಗ್ರೀವಾಜ್ಞೆಗೆ ಕಾಯ್ದೆಯಷ್ಟೇ ಬಲ. ಹಳೆಯ ಕಾಯ್ದೆಯನ್ನು ತಿದ್ದಬಹುದು, ಹೊಸ ಅಪರಾಧವನ್ನೂ ಹುಟ್ಟುಹಾಕಬಹುದು. ಸದನ ಮತ್ತೆ ಸೇರಿದ ಆರು ವಾರದೊಳಗೆ ಒಪ್ಪಿಗೆ ಸಿಗದಿದ್ದರೆ ಬಿದ್ದುಹೋಗುತ್ತದೆ, ಅಷ್ಟೇ. ಇರುವಷ್ಟು ದಿನ ಅದು ಅಪ್ಪಟ ಕಾನೂನು.

ಅಮೆರಿಕದ ಅಧ್ಯಕ್ಷರಿಗೆ ಈ ಅಧಿಕಾರ ಇಲ್ಲವೇ ಇಲ್ಲ. ಅಲ್ಲಿನ ಸಂವಿಧಾನದ ಮೊದಲ ವಿಧಿಯೇ ಶಾಸನ ಮಾಡುವ ಅಧಿಕಾರವನ್ನೆಲ್ಲ ಕಾಂಗ್ರೆಸ್ಸಿಗೆ ಬರೆದುಕೊಟ್ಟಿದೆ. ಕಾಂಗ್ರೆಸ್ ಎಂದರೆ ಇಲ್ಲಿ ಪಕ್ಷವಲ್ಲ, ಸೆನೆಟ್ ಮತ್ತು ಪ್ರತಿನಿಧಿ ಸಭೆ ಸೇರಿದ ಅಲ್ಲಿನ ಸಂಸತ್ತು. ಅದು ರಜೆಯಲ್ಲಿದ್ದರೂ ಅಧ್ಯಕ್ಷರು ತಾತ್ಕಾಲಿಕ ಕಾಯ್ದೆ ಹೊರಡಿಸುವಂತಿಲ್ಲ. ತೀರಾ ತುರ್ತಾದರೆ ಸಭೆ ಕರೆಯಬಹುದು. ಇನ್ನು ಟಿವಿಯಲ್ಲಿ ನಾವು ನೋಡುವ ಎಕ್ಸಿಕ್ಯೂಟಿವ್ ಆರ್ಡರ್ (ಅಧ್ಯಕ್ಷರ ಕಾರ್ಯಾಂಗದ ಆದೇಶ) ಎಂಬ ಮಾತು ಆ ಸಂವಿಧಾನದಲ್ಲಿ ಎಲ್ಲೂ ಬರುವುದಿಲ್ಲ. ಅಲ್ಲಿರುವುದು ಎರಡು ಮಾತು: ಕಾರ್ಯಾಂಗದ ಅಧಿಕಾರ ಅಧ್ಯಕ್ಷರದು, ಮತ್ತು ಕಾನೂನುಗಳು ನಿಷ್ಠೆಯಿಂದ ಜಾರಿಯಾಗುವಂತೆ ಅವರು ನೋಡಿಕೊಳ್ಳಬೇಕು.

ಹಾಗಾಗಿ ಆ ಫೈಲಿನಲ್ಲಿರುವುದಕ್ಕೆ ನಮ್ಮಲ್ಲಿ ಹತ್ತಿರದ ಹೋಲಿಕೆ ಬೇಕಿದ್ದರೆ ವಿಧಾನಸೌಧದಿಂದ ಹೊರಡುವ ಜಿ.ಓ. ಅಥವಾ ಇಲಾಖೆಯ ಸುತ್ತೋಲೆಯನ್ನು ನೆನಪಿಸಿಕೊಳ್ಳಿ. ಯಜಮಾನರು ತಮ್ಮ ಕೈಕೆಳಗಿನವರಿಗೆ ಬರೆದ ಪತ್ರ ಅದು: ಇರುವ ಕಾನೂನನ್ನು ಹೀಗೆ ಜಾರಿ ಮಾಡಿ, ಇದಕ್ಕೆ ಮೊದಲು ಗಮನ ಕೊಡಿ, ಅದನ್ನು ನಿಲ್ಲಿಸಿ. ಕೈಕೆಳಗಿನವರು ಇಪ್ಪತ್ತು ಲಕ್ಷಕ್ಕೂ ಹೆಚ್ಚು ನಾಗರಿಕ ನೌಕರರು, ಮೇಲೆ ಸೈನ್ಯ. ಹಾಗಾಗಿ ಸುತ್ತೋಲೆಯೇ ಆದರೂ ಅದರ ಸದ್ದು ದೊಡ್ಡದು.

ಸೈನ್ಯದ ವಿಷಯದಲ್ಲಂತೂ ಅವರೇ ಮಹಾದಂಡನಾಯಕರು. ಅಧ್ಯಕ್ಷ ಹ್ಯಾರಿ ಟ್ರೂಮನ್ 1948ರ ಜುಲೈ 26ರಂದು 9981ನೇ ಆದೇಶಕ್ಕೆ ಸಹಿ ಹಾಕಿ, ಸೇನೆಯಲ್ಲಿ ಬಣ್ಣದ ಆಧಾರದ ಮೇಲೆ ಭೇದ ಮಾಡಬಾರದು ಎಂದರು. ಬಣ್ಣಭೇದ ಬಿಡಲೊಪ್ಪದ ದಕ್ಷಿಣ ರಾಜ್ಯಗಳ ಸಂಸದರು ಇದ್ದ ಕಾಂಗ್ರೆಸ್ಸಿನಲ್ಲಿ ಅಂಥ ಮಸೂದೆ ಪಾಸಾಗುವ ಮಾತೇ ಇರಲಿಲ್ಲ. ಆದೇಶ ಪೂರ್ತಿ ಜಾರಿಯಾಗಲು ವರ್ಷಗಳು ಹಿಡಿದವು ನಿಜ, ಆದರೆ ಅದು ಅವರ ಕೈಯಳತೆಯ ಕೆಲಸವೇ ಆಗಿತ್ತು.

ಅದೇ ಟ್ರೂಮನ್ ನಾಲ್ಕು ವರ್ಷಗಳ ನಂತರ ಕೈಯಳತೆ ಮೀರಿ ಕೈಹಾಕಿ ಸುಟ್ಟುಕೊಂಡರು. ಈ ವಿಷಯದಲ್ಲಿ ಯಾರು ಏನೇ ಕೇಳಿದರೂ ಉತ್ತರದ ದಾರಿ ಆ ಪ್ರಕರಣದ ಮೂಲಕವೇ ಹಾದುಹೋಗುತ್ತದೆ, ಹಾಗಾಗಿ ಸ್ವಲ್ಪ ನಿಂತು ನೋಡೋಣ.

1952ರ ಏಪ್ರಿಲ್. ಕೊರಿಯಾದಲ್ಲಿ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಮಿಕರು ಸಂಬಳಕ್ಕಾಗಿ ಮುಷ್ಕರಕ್ಕೆ ಸಿದ್ಧರಾಗಿದ್ದರು, ಸರ್ಕಾರ ಬೆಲೆ ಏರಿಸಲು ಬಿಡದಿದ್ದರೆ ಸಂಬಳ ಏರಿಸುವುದಿಲ್ಲ ಎಂದು ಕಂಪನಿಗಳು ಹಟ ಹಿಡಿದಿದ್ದವು. ಕುಲುಮೆ ಆರಿದರೆ ರಣರಂಗದಲ್ಲಿ ಮದ್ದುಗುಂಡಿಗೆ ಬರ ಬರುತ್ತದೆ ಎಂಬುದು ಟ್ರೂಮನ್ ಭಯ. ಮುಷ್ಕರಕ್ಕೆ ಕೆಲವೇ ಗಂಟೆ ಇರುವಾಗ, ಏಪ್ರಿಲ್ 8ರ ರಾತ್ರಿ, 10340ನೇ ಆದೇಶ ಹೊರಡಿಸಿ, ದೇಶದ ಬಹುಪಾಲು ಉಕ್ಕಿನ ಕಾರ್ಖಾನೆಗಳನ್ನು ವಶಕ್ಕೆ ತೆಗೆದುಕೊಳ್ಳುವಂತೆ ವಾಣಿಜ್ಯ ಸಚಿವ ಚಾರ್ಲ್ಸ್ ಸಾಯರ್‌ಗೆ ಹೇಳಿದರು. ಕಂಪನಿಗಳ ವಕೀಲರು ಆ ರಾತ್ರಿಯೇ ನ್ಯಾಯಾಧೀಶರ ಮನೆ ಬಾಗಿಲು ತಟ್ಟಿದರು.

ಮುಷ್ಕರ ತಡೆಯಲು ಕಾನೂನೇ ಇರಲಿಲ್ಲ ಅಂತಲ್ಲ. 1947ರ ಟಾಫ್ಟ್-ಹಾರ್ಟ್ಲಿ ಕಾಯ್ದೆಯಡಿ ಕೋರ್ಟಿಗೆ ಹೋಗಿ 80 ದಿನ ಮುಷ್ಕರ ಮುಂದೂಡಿಸಬಹುದಿತ್ತು. ಆದರೆ ಆ ಕಾಯ್ದೆ ಟ್ರೂಮನ್‌ಗೆ ಕಂಡರಾಗದು. ಅವರ ವಿಟೋವನ್ನು, ಅಂದರೆ ಮಸೂದೆಗೆ ಅಧ್ಯಕ್ಷರು ಹಾಕುವ ತಡೆಯನ್ನು, ತಳ್ಳಿಹಾಕಿ ಕಾಂಗ್ರೆಸ್ ಅದನ್ನು ಪಾಸು ಮಾಡಿತ್ತು. ಇನ್ನೊಂದು ವಿಷಯ: ಆ ಕಾಯ್ದೆ ಮಾಡುವಾಗ ಕಾರ್ಖಾನೆ ವಶಪಡಿಸಿಕೊಳ್ಳುವ ಅಧಿಕಾರವನ್ನೂ ಸೇರಿಸೋಣವೇ ಎಂಬ ಪ್ರಸ್ತಾಪ ಬಂದಿತ್ತು, ಕಾಂಗ್ರೆಸ್ ಬೇಡ ಎಂದಿತ್ತು. ಕೊಡುವುದಿಲ್ಲ ಎಂದದ್ದನ್ನೇ ಟ್ರೂಮನ್ ತಾವಾಗಿ ಎತ್ತಿಕೊಂಡಿದ್ದರು.

ಜೂನ್ 2ರಂದು ಸುಪ್ರೀಂ ಕೋರ್ಟ್ 6-3ರಲ್ಲಿ ಆದೇಶವನ್ನು ರದ್ದು ಮಾಡಿತು. ಆಗ ಪೀಠದಲ್ಲಿದ್ದ ಒಂಬತ್ತೂ ಮಂದಿ ಹಿಂದಿನ ಅಧ್ಯಕ್ಷ ರೂಸ್‌ವೆಲ್ಟ್ ಇಲ್ಲವೇ ಟ್ರೂಮನ್ ನೇಮಿಸಿದವರೇ. ಟ್ರೂಮನ್ ತಾವೇ ನೇಮಿಸಿದ್ದ ನಾಲ್ವರಲ್ಲಿ ಇಬ್ಬರು ಅವರ ವಿರುದ್ಧ ನಿಂತರು. ಬಹುಮತದ ತೀರ್ಪು ಬರೆದ ಹ್ಯೂಗೋ ಬ್ಲ್ಯಾಕ್ ಹೇಳಿದ್ದರ ಸಾರ ಇಷ್ಟು: ಅಧ್ಯಕ್ಷರ ಆದೇಶಕ್ಕೆ ಬಲ ಬರುವುದು ಎರಡೇ ಕಡೆಯಿಂದ, ಕಾಂಗ್ರೆಸ್ಸಿನ ಕಾಯ್ದೆಯಿಂದ ಅಥವಾ ಸಂವಿಧಾನದಿಂದ. ಎರಡೂ ಇಲ್ಲದಿದ್ದರೆ ಅದು ಬರೀ ಕಾಗದ. ಟ್ರೂಮನ್ ಕಾರ್ಖಾನೆಗಳನ್ನು ಬಿಟ್ಟುಕೊಟ್ಟರು, ಮುಷ್ಕರ ಏಳು ವಾರಕ್ಕೂ ಹೆಚ್ಚು ನಡೆಯಿತು. ಕೆಲದಿನಗಳ ನಂತರ ಬ್ಲ್ಯಾಕ್ ತಮ್ಮ ಮನೆಗೆ ಟ್ರೂಮನ್‌ರನ್ನು ಊಟಕ್ಕೆ ಕರೆದರಂತೆ, ಟ್ರೂಮನ್ ಹೋದರಂತೆ. ನಿಮ್ಮ ಕಾನೂನು ಹಿಡಿಸಲಿಲ್ಲ, ಬರ್ಬನ್ ವಿಸ್ಕಿ ಮಾತ್ರ ಚೆನ್ನಾಗಿದೆ ಎಂದರು ಅನ್ನುವುದು ಆ ಊಟದ ಬಗ್ಗೆ ಹೇಳುತ್ತ ಬಂದ ಕತೆ.

ಆದರೆ ಇಂದಿಗೂ ವಕೀಲರ ಬಾಯಲ್ಲಿರುವುದು ಬ್ಲ್ಯಾಕ್ ತೀರ್ಪಲ್ಲ, ಜೊತೆಗೆ ಅದೇ ಪೀಠದ ರಾಬರ್ಟ್ ಜಾಕ್ಸನ್ ಪ್ರತ್ಯೇಕವಾಗಿ ಬರೆದದ್ದು. ಈ ಜಾಕ್ಸನ್ ಮೊದಲು ರೂಸ್‌ವೆಲ್ಟ್ ಅವರ ಅಟಾರ್ನಿ ಜನರಲ್ (ಸರ್ಕಾರದ ಮುಖ್ಯ ಕಾನೂನು ಅಧಿಕಾರಿ) ಆಗಿದ್ದವರು; 1941ರಲ್ಲಿ ಒಂದು ವಿಮಾನ ಕಾರ್ಖಾನೆಯನ್ನು ಸರ್ಕಾರ ವಶಪಡಿಸಿಕೊಂಡಾಗ ಸಮರ್ಥಿಸಿದ್ದವರು. ಅಂಥವರೇ ಈಗ ಅಧ್ಯಕ್ಷರ ಅಧಿಕಾರವನ್ನು ಮೂರು ಮಟ್ಟದಲ್ಲಿ ಅಳೆದರು. ಕಾಂಗ್ರೆಸ್ ಕೊಟ್ಟ ಅಧಿಕಾರವನ್ನು ಬಳಸಿದರೆ ತುಂಬಿದ ಹೊಳೆ. ಕಾಂಗ್ರೆಸ್ ಏನೂ ಹೇಳದೆ ಸುಮ್ಮನಿದ್ದರೆ ಅದು ಮುಸ್ಸಂಜೆಯ ಹೊತ್ತು, ಯಾರ ಗಡಿ ಎಲ್ಲಿ ಎಂದು ಸರಿಯಾಗಿ ಕಾಣುವುದಿಲ್ಲ. ಕಾಂಗ್ರೆಸ್ಸಿನ ಇಚ್ಛೆಗೆ ಎದುರಾಗಿ ಹೋದರೆ ಹೊಳೆ ತಳ ಕಂಡಿರುತ್ತದೆ. ಉಕ್ಕಿನ ಆದೇಶ ಈ ಮೂರನೆಯ ಮಟ್ಟದ್ದು.

ಈಗ ನಮ್ಮ ಮನೆಗಳಿಗೆ ತಟ್ಟುವ ವಿಷಯಕ್ಕೆ ಬರೋಣ. ಅದೇ 1952ರ ಜೂನ್ ತಿಂಗಳು. ಉಕ್ಕಿನ ತೀರ್ಪು ಬಂದು ನಾಲ್ಕು ವಾರ ಕಳೆಯುವುದರೊಳಗೆ ಕಾಂಗ್ರೆಸ್ ಟ್ರೂಮನ್‌ರ ಇನ್ನೊಂದು ವಿಟೋವನ್ನು ತಳ್ಳಿಹಾಕಿ ವಲಸೆ ಮತ್ತು ರಾಷ್ಟ್ರೀಯತೆ ಕಾಯ್ದೆಯನ್ನು ಪಾಸು ಮಾಡಿತು. ಅದರ 212ನೇ ಕಲಂನ ಎಫ್ ಉಪಕಲಂ ಏನು ಹೇಳುತ್ತದೆ ನೋಡಿ: ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಧಕ್ಕೆ ಎಂದು ಅಧ್ಯಕ್ಷರಿಗೆ ಕಂಡರೆ, ಅವರಿಗೆ ಬೇಕೆನಿಸಿದಷ್ಟು ಕಾಲ ಅದನ್ನು ತಡೆಯಬಹುದು, ಷರತ್ತು ಹಾಕಬಹುದು. ತನ್ನ ಖಜಾನೆಯ ಕೀಲಿಕೈಯನ್ನೇ ಕಾಂಗ್ರೆಸ್ ಅಧ್ಯಕ್ಷರ ಸೊಂಟಕ್ಕೆ ಸಿಕ್ಕಿಸಿದಂತಾಯಿತು. ಕೆಲವು ಮುಸ್ಲಿಂ ಬಹುಸಂಖ್ಯಾತ ದೇಶಗಳವರ ಪ್ರವೇಶಕ್ಕೆ ಟ್ರಂಪ್ ಹಾಕಿದ ತಡೆಯನ್ನು 2018ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಎತ್ತಿಹಿಡಿದದ್ದು ಇದೇ ಕಲಂ ಮೇಲೆ.

2025ರ ಸೆಪ್ಟೆಂಬರ್ 19, ಶುಕ್ರವಾರ, ಟ್ರಂಪ್, ನುರಿತ ವಿದೇಶಿ ನೌಕರರಿಗೆ ಕೊಡುವ ಎಚ್-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂದು ಹೊರಡಿಸಿದ ಘೋಷಣೆಗೂ ಇದೇ ಕಲಂ ಆಸರೆ. ಇಲ್ಲಿ ಆಗಷ್ಟೇ ದಸರೆಯ ಹೊಸ್ತಿಲು. ಊರಿಗೆ ಬಂದವರು ಭಾನುವಾರದೊಳಗೆ ಮರಳಬೇಕೇ, ಟಿಕೆಟ್ ಎಷ್ಟಾದರೂ ಸರಿಯೇ ಎಂದು ಒದ್ದಾಡಿದ ಆ ಶನಿವಾರವನ್ನು ಬೆಂಗಳೂರಿನ ಎಷ್ಟೋ ಮನೆಗಳು ಮರೆತಿರಲಾರವು. ಇದು ವರ್ಷ ವರ್ಷ ಕಟ್ಟುವ ಹಣ ಎಂದು ವಾಣಿಜ್ಯ ಸಚಿವರು ಮೊದಲು ಹೇಳಿದ್ದರು. ಹೊಸ ಅರ್ಜಿಗಳಿಗೆ ಮಾತ್ರ, ಒಮ್ಮೆ ಮಾತ್ರ, ಈಗಾಗಲೇ ವೀಸಾ ಇದ್ದವರಿಗೆ ಅನ್ವಯಿಸದು ಎಂಬ ಸ್ಪಷ್ಟನೆ ಶ್ವೇತಭವನದಿಂದ ಬಂದದ್ದು ಮಾರನೇ ದಿನ. ನನ್ನ ಮಟ್ಟಿಗೆ ಸಹಿಯ ಆಡಳಿತದ ದೊಡ್ಡ ದೋಷ ಇದೇ. ಮಸೂದೆಯಾಗಿದ್ದರೆ ತಿಂಗಳುಗಟ್ಟಲೆ ಚರ್ಚೆಯಲ್ಲಿ ಇಂಥ ಅನುಮಾನಗಳು ಬಗೆಹರಿಯುತ್ತಿದ್ದವು. ಇಲ್ಲಿ ಮೊದಲು ಜನ ಓಡಿದರು, ಆಮೇಲೆ ಅರ್ಥ ಬಂತು.

ಅದೇ ಎಚ್-1ಬಿಯಲ್ಲಿ ಅಧ್ಯಕ್ಷರ ಕೈಗೆ ಸಿಗದ ಸಂಗತಿಗಳೂ ಇವೆ. ವರ್ಷಕ್ಕೆ 65,000, ಜೊತೆಗೆ ಅಮೆರಿಕದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೆ 20,000 ಎಂಬ ಮಿತಿ ಕಾಯ್ದೆಯಲ್ಲೇ ಕೂತಿದೆ. ಅಧ್ಯಕ್ಷರಿಗೆ ಭಾರತದ ಮೇಲೆ ಎಷ್ಟೇ ಪ್ರೀತಿ ಉಕ್ಕಿದರೂ ಒಂದು ಸಹಿಯಲ್ಲಿ ಅದನ್ನು 85,001 ಮಾಡಲಾರರು. ಗ್ರೀನ್ ಕಾರ್ಡಿನಲ್ಲಿ ದೇಶವಾರು ಶೇ. 7ರ ಮಿತಿ, ಅಂದರೆ ನಮ್ಮವರ ದಶಕಗಳ ಸರದಿಗೆ ಕಾರಣ, ಅದೂ ಕಾಯ್ದೆಯದೇ.

ಕಾಯ್ದೆಗೂ ಆದೇಶಕ್ಕೂ ನಡುವೆ ಇನ್ನೊಂದಿದೆ: ಇಲಾಖೆಗಳು ಮಾಡುವ ನಿಯಮ. ಎಚ್-1ಬಿ ನೌಕರರ ಜೊತೆ ಎಚ್-4 ವೀಸಾದಲ್ಲಿ ಹೋದ ಹೆಂಡತಿ ಅಥವಾ ಗಂಡಂದಿರಲ್ಲಿ ಕೆಲವು ವರ್ಗದವರಿಗೆ ಕೆಲಸ ಮಾಡಲು ಅನುಮತಿ ಸಿಕ್ಕಿದ್ದು ಹೀಗೆ. ಒಬಾಮಾ ಕಾಲದಲ್ಲಿ ಕರಡು ಪ್ರಕಟಿಸಿ, ಸಾರ್ವಜನಿಕರ ಆಕ್ಷೇಪಣೆ ಕೇಳಿ, 2015ರ ಮೇ 26ರಿಂದ ಜಾರಿಗೆ ತಂದರು. ಮಾಡುವುದು ನಿಧಾನ, ಕೀಳುವುದೂ ನಿಧಾನ. ಟ್ರಂಪ್ ಮೊದಲ ಅವಧಿಯಲ್ಲಿ ರದ್ದಾಗುತ್ತದೆ, ಇಂದು ನಾಳೆ ಎಂದು ನಾಲ್ಕು ವರ್ಷ ಸುದ್ದಿ ಓಡಾಡಿತು, ಆಗಲಿಲ್ಲ. ಬರೀ ಆದೇಶವಾಗಿದ್ದರೆ ಮೊದಲ ಮಧ್ಯಾಹ್ನವೇ ಹೋಗಿರುತ್ತಿತ್ತು. ವಿದೇಶಗಳಲ್ಲಿ ಗರ್ಭಪಾತಕ್ಕೆ ನೆರವಾಗುವ ಸಂಸ್ಥೆಗಳಿಗೆ ಅಮೆರಿಕದ ಹಣ ಕೊಡಬಾರದು ಎಂದು ರೇಗನ್ 1984ರಲ್ಲಿ ತಂದ ನೀತಿಯನ್ನು ನೋಡಿ: ಕ್ಲಿಂಟನ್ ತೆಗೆದರು, ಬುಷ್ ಹಾಕಿದರು, ಒಬಾಮಾ ತೆಗೆದರು, ಟ್ರಂಪ್ ಹಾಕಿದರು, ಬೈಡನ್ ತೆಗೆದರು, 2025ರಲ್ಲಿ ಟ್ರಂಪ್ ಮತ್ತೆ ಹಾಕಿದರು.

ಪೌರತ್ವದ ಆದೇಶ ಇವೆಲ್ಲಕ್ಕಿಂತ ಬೇರೆ. 2025ರ ಜನವರಿ 20ರಂದು, ಅಧಿಕಾರಕ್ಕೆ ಬಂದ ದಿನವೇ, ಟ್ರಂಪ್ ಸಹಿ ಹಾಕಿದ ಆದೇಶದ ಪ್ರಕಾರ, ತಾಯಿ ತಾತ್ಕಾಲಿಕ ವೀಸಾದಲ್ಲಿದ್ದು ತಂದೆ ಪೌರನೂ ಗ್ರೀನ್ ಕಾರ್ಡುದಾರನೂ ಅಲ್ಲದಿದ್ದರೆ ಅಲ್ಲಿ ಹುಟ್ಟುವ ಮಗುವಿಗೆ ಪೌರತ್ವ ಇಲ್ಲ. ಎಚ್-1ಬಿ ದಂಪತಿಗಳೂ ಇದರೊಳಗೆ ಬರುತ್ತಾರೆ. ಆದರೆ ಇಲ್ಲಿ ಎದುರಿಗಿರುವುದು ಕಾಂಗ್ರೆಸ್ ಒಂದೇ ಅಲ್ಲ, ಅಲ್ಲಿ ಹುಟ್ಟಿದವರಿಗೆ ಪೌರತ್ವ ಕೊಡುವ, ಸಂವಿಧಾನದ 1868ರ 14ನೇ ತಿದ್ದುಪಡಿ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಅಮೆರಿಕದ ಪೌರನೇ ಎಂದು ಸುಪ್ರೀಂ ಕೋರ್ಟ್ 1898ರಲ್ಲೇ ಹೇಳಿತ್ತು. ಸಹಿ ಬಿದ್ದ ಮೂರನೇ ದಿನವೇ ಸಿಯಾಟಲ್‌ನಲ್ಲಿ ತಡೆಯಾಜ್ಞೆ ಬಂತು. ಕೊಟ್ಟ ನ್ಯಾಯಾಧೀಶರು ರಿಪಬ್ಲಿಕನ್ ಅಧ್ಯಕ್ಷ ರೇಗನ್ ನೇಮಿಸಿದವರು. ಜಾರಿಯಾಗಬೇಕಿದ್ದ ದಿನ ಆದೇಶ ಜಾರಿಯಾಗಲಿಲ್ಲ.

ಕೋರ್ಟ್ ಇದೆ, ಕಾಂಗ್ರೆಸ್ ಇದೆ, ಚಿಂತೆಯಿಲ್ಲ ಎಂದು ಮಾತ್ರ ನಾನು ಹೇಳಲಾರೆ. 1942ರ ಫೆಬ್ರವರಿ 19ರಂದು ರೂಸ್‌ವೆಲ್ಟ್ ಸಹಿ ಹಾಕಿದ 9066ನೇ ಆದೇಶ ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ ಬಿಡಿಸಿ ಶಿಬಿರಗಳಿಗೆ ದೂಡಿತು. ಅವರಲ್ಲಿ ಹೆಚ್ಚಿನವರು ಅಮೆರಿಕದ ಪೌರರೇ. ಕಾಂಗ್ರೆಸ್ ತಡೆಯಲಿಲ್ಲ, ಉಲ್ಲಂಘಿಸಿದರೆ ಶಿಕ್ಷೆ ಎಂಬ ಕಾಯ್ದೆ ಮಾಡಿ ಕೈಜೋಡಿಸಿತು. 1944ರಲ್ಲಿ ಸುಪ್ರೀಂ ಕೋರ್ಟ್ ಕೂಡ 6-3ರಲ್ಲಿ ಸರ್ಕಾರದ ಪರ ನಿಂತಿತು. ಜಾಕ್ಸನ್ ಅಳತೆಯಲ್ಲಿ ಅದು ತುಂಬಿದ ಹೊಳೆಯೇ. ಬದುಕುಳಿದವರಿಗೆ ತಲಾ 20,000 ಡಾಲರ್ ಪರಿಹಾರ ಮತ್ತು ಕ್ಷಮಾಪಣೆ ಸಿಗಲು 1988 ಬರಬೇಕಾಯಿತು.

ಇನ್ನು ಮುಂದೆ ಅಂಥ ಫೈಲು ಟಿವಿಯಲ್ಲಿ ಕಂಡಾಗ ಮಾಡಬಹುದಾದ ಒಂದು ಕೆಲಸ ಹೇಳುತ್ತೇನೆ. ಶ್ವೇತಭವನದ ಜಾಲತಾಣದಲ್ಲಿ ಪೂರ್ತಿ ಪಠ್ಯ ಸಾಮಾನ್ಯವಾಗಿ ಅದೇ ದಿನ ಸಿಗುತ್ತದೆ. ಮೇಲ್ಭಾಗದಲ್ಲಿ, ಇಲ್ಲವೇ ಪೀಠಿಕೆಯ ಕೊನೆಯಲ್ಲಿ, ಸಂವಿಧಾನ ಮತ್ತು ಕಾನೂನುಗಳು ನನಗೆ ಕೊಟ್ಟಿರುವ ಅಧಿಕಾರದಂತೆ ಎಂಬ ಸಾಲು ಬರುತ್ತದೆ. ಆ ಸಾಲಿನಲ್ಲಿ ನಿರ್ದಿಷ್ಟ ಕಾಯ್ದೆಯ, ಕಲಂನ ಹೆಸರಿದೆಯೇ ನೋಡಿ. ಎಚ್-1ಬಿ ಘೋಷಣೆಯಲ್ಲಿ ಇತ್ತು. ಹಾಗೆಯೇ ಯಾರಿಗೆ, ಎಂದಿನಿಂದ, ಎಷ್ಟು ಕಾಲ ಎಂಬುದನ್ನೂ ಹುಡುಕಿ. ಆ ಘೋಷಣೆಯಲ್ಲಿ ತಡೆ ಹಾಕಿದ್ದು ದೇಶದೊಳಗೆ ಬರುವುದಕ್ಕೆ, ಮತ್ತು ವಿಸ್ತರಿಸದಿದ್ದರೆ ಹನ್ನೆರಡು ತಿಂಗಳಿಗೆ ಮುಗಿಯುತ್ತದೆ ಎಂದೂ ಬರೆದಿತ್ತು. ಟಿಕೆಟ್ ಬುಕ್ ಮಾಡುವ ಮೊದಲು ಅಷ್ಟನ್ನಾದರೂ ಓದಿ, ಆಮೇಲೆ ಕಂಪನಿಯ ವಲಸೆ ವಕೀಲರಿಗೆ ಫೋನ್ ಮಾಡಿ.