ಹಲಸಿನ ಹುಡಿಯಿಂದ ಆರಂಭಿಸಿ: ಮರದ ಉಪೋತ್ಪನ್ನಗಳಲ್ಲಿರುವ ಜೈವಿಕ ಸಕ್ರಿಯ ಸಂಯುಕ್ತಗಳ ಕುರಿತು ಅಧ್ಯಯನ ಟಿಪ್ಪಣಿ

ಉಡುಪಿ ಕಡೆಯ ಮರದ ಮಿಲ್ಲಿನಲ್ಲಿ ಹಲಸಿನ ದಿಮ್ಮಿ ಕೊಯ್ದ ದಿನ ಗರಗಸದ ಬುಡದಲ್ಲಿ ಬೀಳುವ ಹುಡಿ ಅರಸಿನದಂತೆ ಹಳದಿಯಾಗಿರುತ್ತದೆ. ಅದರಲ್ಲಿ ಎರಡು ಹಿಡಿಯಷ್ಟನ್ನು ತಂದು ಅರ್ಧ ಗಂಟೆ ನೀರಿನಲ್ಲಿ ಕುದಿಸಿ ಸೋಸಿ, ಚಿಟಿಕೆ ಪಟಿಕ ಬೆರೆಸಿ, ಬಿಳಿಯ ಹತ್ತಿಬಟ್ಟೆಯ ತುಂಡನ್ನು ಅದ್ದಿಟ್ಟರೆ ಬಟ್ಟೆಗೆ ಒಳ್ಳೆಯ ಹಳದಿ ಹಿಡಿಯುತ್ತದೆ. ಈ ಬಣ್ಣಕ್ಕೆ ಮುಖ್ಯ ಕಾರಣ ಮೋರಿನ್ ಎಂಬ ಫ್ಲೇವನಾಯ್ಡ್, ಅಂದರೆ ಸಸ್ಯಗಳು ತಯಾರಿಸುವ ಒಂದು ಬಗೆಯ ಸಂಯುಕ್ತ. ಪಟಿಕದಲ್ಲಿರುವ ಅಲ್ಯೂಮಿನಿಯಂ ಮೋರಿನ್ ಅಣುವಿನೊಡನೆ ಬೆಸೆದುಕೊಳ್ಳುವುದರಿಂದ ಬಣ್ಣ ಗಾಢವಾಗುತ್ತದೆ, ನೂಲಿನಲ್ಲೂ ನಿಲ್ಲುತ್ತದೆ. ಆಗ್ನೇಯ ಏಷ್ಯಾದ ಬೌದ್ಧ ಭಿಕ್ಷುಗಳ ಬಟ್ಟೆಗೆ ಹಿಂದಿನಿಂದಲೂ ಹಲಸಿನ ಮರದ ತಿರುಳಿನ, ಅಂದರೆ ಕಾಂಡದ ನಡುವಿನ ಗಟ್ಟಿ ಮರದ ಬಣ್ಣ ಹಾಕುತ್ತಿದ್ದರು. ಅದೇ ತಿರುಳಿನಲ್ಲಿರುವ ಆರ್ಟೋಕಾರ್ಪಾನೋನ್ ಎಂಬ ಇನ್ನೊಂದು ಸಂಯುಕ್ತವು ಚರ್ಮದಲ್ಲಿ ಮೆಲನಿನ್ ತಯಾರಾಗಲು ಬೇಕಾದ ಟೈರೋಸಿನೇಸ್ ಕಿಣ್ವವನ್ನು ತಡೆಯುತ್ತದೆ.

ಒಣಮರದ ತೂಕದಲ್ಲಿ ಸೆಲ್ಯುಲೋಸ್ ಸುಮಾರು ಶೇಕಡಾ 40ರಿಂದ 50ರಷ್ಟು, ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ತಲಾ 20ರಿಂದ 30ರಷ್ಟು ಇರುತ್ತವೆ. ಈ ಮೂರೂ ಜೀವಕೋಶದ ಗೋಡೆಯ ಸಾಮಗ್ರಿಗಳು. ನೀರು ಅಥವಾ ಮದ್ಯಸಾರದಲ್ಲಿ ಕರಗಿ ಹೊರಬರುವ ಉಳಿದ ಅಲ್ಪಭಾಗವನ್ನು ಈ ಟಿಪ್ಪಣಿಯಲ್ಲಿ ಸಾರದ್ರವ್ಯ ಎಂದು ಕರೆಯುತ್ತೇನೆ. ನಮ್ಮ ಗಮನವಿರಬೇಕಾದುದು ಇದರ ಮೇಲೆ. ಹೊರಗಿನ ಬಿಳಿಮರ ತಿರುಳಾಗಿ ಮಾರ್ಪಡುವಾಗ ಅಲ್ಲಿನ ಜೀವಕೋಶಗಳು ಸಾಯುವ ಮುನ್ನ ತಮ್ಮಲ್ಲಿ ಶೇಖರವಾಗಿರುವ ಪಿಷ್ಟವನ್ನು ಬಳಸಿ, ಶಿಲೀಂಧ್ರ ಮತ್ತು ಗೆದ್ದಲುಗಳನ್ನು ದೂರವಿಡುವ ಸಂಯುಕ್ತಗಳನ್ನು ತಯಾರಿಸುತ್ತವೆ. ಸಾಗುವಾನಿಯ ತಿರುಳಿಗೆ ಗೆದ್ದಲು ಹಿಡಿಯದಿರಲು ಟೆಕ್ಟೋಕ್ವಿನೋನ್‌ನಂತಹ ಕ್ವಿನೋನ್‌ಗಳು ಕಾರಣ. ಹೊನ್ನೆ ಮರದ, ಅಂದರೆ ನಮ್ಮಲ್ಲಿ ಬೇಂಗ ಎಂದು ಕರೆಯುವ ಮರದ ತಿರುಳಿನಲ್ಲಿ ಟೆರೋಸ್ಟಿಲ್ಬೀನ್ ಎಂಬ ಸಾರದ್ರವ್ಯ ಇದೆ. ಮರವು ತನ್ನ ರಕ್ಷಣೆಗಾಗಿ ಮಾಡಿಕೊಂಡ ಪದಾರ್ಥವೇ ನಮ್ಮ ದೇಹದ ಕಿಣ್ವಗಳ ಮೇಲೂ ಪರಿಣಾಮ ಬೀರಬಲ್ಲದು ಎಂಬುದು ಈ ವಿಷಯದ ಮೂಲಸೂತ್ರ.

ಸಾರದ್ರವ್ಯ ಮರದಲ್ಲೆಲ್ಲ ಸಮನಾಗಿ ಹರಡಿರುವುದಿಲ್ಲ. ಹಲಗೆಯವರು ಬೇಡವೆಂದು ಕತ್ತರಿಸಿ ಎಸೆಯುವ ಗಂಟಿನಲ್ಲಿ ಮತ್ತು ಕೆತ್ತೆಯಲ್ಲಿ (ತೊಗಟೆಯಲ್ಲಿ) ಅದು ಅನೇಕ ವೇಳೆ ಹೆಚ್ಚು. ಯುರೋಪಿನ ನಾರ್ವೆ ಸ್ಪ್ರೂಸ್ ಮರದ ಕೊಂಬೆಯ ಬುಡದ ಗಂಟುಗಳಲ್ಲಿ ಲಿಗ್ನಾನ್‌ಗಳೆಂಬ ಸಾರದ್ರವ್ಯಗಳು (ಮೇಲೆ ಹೇಳಿದ ಲಿಗ್ನಿನ್ ಬೇರೆ) ತೂಕದ ಹತ್ತನೆಯ ಒಂದು ಭಾಗದಷ್ಟಿರಬಹುದು, ಪಕ್ಕದ ಸಾಮಾನ್ಯ ಮರದಲ್ಲಿ ಅವು ಅತ್ಯಲ್ಪ; ಫಿನ್ಲೆಂಡಿನ ಓಬೋ ಅಕಾಡೆಮಿಯ ಸಂಶೋಧಕರು ಇದನ್ನು ವಿವರವಾಗಿ ಅಳೆದು ತೋರಿಸಿದ್ದಾರೆ. ಬರ್ಚ್ ಮರದ ಹೊರಕೆತ್ತೆಯ ಬಿಳುಪಿಗೆ ಕಾರಣವಾದ ಬೆಟ್ಯುಲಿನ್ ಅನ್ನು 1788ರಲ್ಲೇ ಗುರುತಿಸಲಾಗಿತ್ತು. ಬರ್ಚ್ ಕೆತ್ತೆಯ ಸಾರದಿಂದ ತಯಾರಿಸಿದ ಗಾಯದ ಲೇಪಕ್ಕೆ ಯುರೋಪಿನಲ್ಲಿ 2016ರಲ್ಲಿ ಅನುಮತಿ ದೊರೆಯಿತು. ಕಾಗದದ ಕಾರ್ಖಾನೆಗಳಿಂದಲೂ ಇಂತಹ ಲಾಭಗಳಿವೆ: ಕಾಗದಕ್ಕಾಗಿ ಪೈನ್ ಮರದ ಚೂರುಗಳನ್ನು ಬೇಯಿಸುವಾಗ ಸಿಗುವ ಟಾಲ್ ಎಣ್ಣೆಯಿಂದ ಕೊಲೆಸ್ಟರಾಲ್ ತಗ್ಗಿಸುವ ಸ್ಟೆರಾಲ್‌ಗಳು, ಬರ್ಚ್‌ನ ಹೆಮಿಸೆಲ್ಯುಲೋಸ್‌ನಿಂದ ಹಲ್ಲಿಗೆ ಹಾನಿ ಮಾಡದ ಸಿಹಿಯಾದ ಕ್ಸೈಲಿಟಾಲ್.

ನಮ್ಮ ಮಿಲ್ಲುಗಳ ಹುಡಿಯಿಂದ ಇದೇ ರೀತಿ ಪ್ರಯೋಜನ ಪಡೆಯಲು ಅಡ್ಡಿಯಾಗಿರುವುದು ಪ್ರಯೋಗಶಾಲೆಯ ಕೊರತೆಗಿಂತ ಹೆಚ್ಚಾಗಿ ಬೆರಕೆ ಎಂದು ನನಗೆ ಅನ್ನಿಸುತ್ತದೆ. ಹಲಸು, ಮಾವು, ಅಕೇಶಿಯಾ ಎಲ್ಲವನ್ನೂ ಒಂದೇ ಗರಗಸದಲ್ಲಿ ಕೊಯ್ದು, ಬಿಳಿಮರ ಮತ್ತು ತಿರುಳು ಕೂಡಿ ಒಂದೇ ರಾಶಿಯಾದ ಹುಡಿ ಒಲೆಗಲ್ಲದೆ ಬೇರೆ ಯಾವುದಕ್ಕೂ ಆಗದು. ಪ್ಲೈವುಡ್ಡಿನ ಹುಡಿಯಲ್ಲಿ ಫಾರ್ಮಾಲ್ಡಿಹೈಡ್ ಅಂಟಿರುತ್ತದೆ. ಹುಳು ಹಿಡಿಯದಂತೆ ಔಷಧ ಹಾಕಿದ ಮರದಲ್ಲಿ ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳಿರಬಹುದು. ಇವನ್ನು ಯಾವ ಕಾರಣಕ್ಕೂ ಮಾದರಿಯಾಗಿ ತೆಗೆದುಕೊಳ್ಳಬಾರದು. ಇದಕ್ಕೆ ಬದಲಾಗಿ, ಯಕ್ಷಗಾನದ ಚೆಂಡೆಯ ಗೂಡು ಕೊರೆಯುವಲ್ಲಿ ಬೀಳುವ ಹೆರೆಗಳನ್ನು ನೋಡಿ: ಒಂದೇ ಜಾತಿಯ ಮರ, ಬಹುಪಾಲು ತಿರುಳು, ಅಂಟು ಇಲ್ಲ. ಕಲಿಯುವವರಿಗೆ ಇದಕ್ಕಿಂತ ಶುದ್ಧ ಮಾದರಿ ಸಿಗುವುದು ಕಷ್ಟ. ನೆರಳಿನಲ್ಲಿ ಒಣಗಿಸಿ, ಸಣ್ಣಗೆ ಹುಡಿ ಮಾಡಿ, ನೀರು ಬೆರೆಸಿದ ಎಥನಾಲ್‌ನಲ್ಲಿ ನೆನೆಹಾಕಿದರೆ ಮೋರಿನ್‌ನಂತಹ ಫೀನಾಲಿಕ್ ಸಂಯುಕ್ತಗಳ ಹೆಚ್ಚಿನ ಪಾಲು ಇಳಿದುಬರುತ್ತದೆ. ಬರಿಯ ನೀರಿನಲ್ಲಿ ಮೋರಿನ್ ಕರಗುವುದು ಕಡಿಮೆ, ಕುದಿಸಿದರೆ ಮಾತ್ರ ಸ್ವಲ್ಪ ವಾಸಿ.

ಸಾರವನ್ನು ಡಿಪಿಪಿಎಚ್ ಎಂಬ, ಉತ್ಕರ್ಷಣ ತಡೆಯುವ ಗುಣ ಪರೀಕ್ಷಿಸಲು ಬಳಸುವ ರಾಸಾಯನಿಕದ ದ್ರಾವಣಕ್ಕೆ ಬೆರೆಸಿದಾಗ ನೇರಳೆ ಬಣ್ಣ ಮಾಸಿ ಹಳದಿಯಾದರೆ ಅದಕ್ಕೆ ಉತ್ಕರ್ಷಣ ತಡೆಯುವ ಗುಣ ಇದೆ ಎಂದಷ್ಟೇ ಬರೆಯಬೇಕು. ಗಾಜಿನ ನಳಿಕೆಯಲ್ಲಿ ಕಂಡ ಗುಣ ಕರುಳನ್ನು ದಾಟಿ ರಕ್ತದಲ್ಲೂ ಉಳಿಯುತ್ತದೆ ಎನ್ನಲು ಆ ಪರೀಕ್ಷೆ ಆಧಾರವಾಗದು. ಹಲಸಿನ ಸಾರ ತಾನೇ ಹಳದಿಯಾಗಿರುವುದರಿಂದ, ಡಿಪಿಪಿಎಚ್ ಹಾಕದ ಸಾರವನ್ನೂ ಪ್ರತ್ಯೇಕವಾಗಿ 517 ನ್ಯಾನೊಮೀಟರಿನಲ್ಲಿ ಅದು ಹೀರುವ ಬೆಳಕನ್ನು ಅಳೆದು ಕಳೆಯುವುದನ್ನು ಮರೆಯಬೇಡಿ.

ಕೆತ್ತೆಯ ಸಾರದ ಬಲ ಏನೆಂದು ಕರಾವಳಿಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ಕೆತ್ತೆಯ ಕಷಾಯ ಕುಡಿಯುವ ಮನೆಗಳಲ್ಲಿ, ಮರ ಸರಿಯಾಗಿ ಗೊತ್ತಿದ್ದವರೇ ಕೆತ್ತೆ ತರಬೇಕು ಎಂದು ಹಿರಿಯರು ಪಟ್ಟು ಹಿಡಿಯುತ್ತಾರೆ. ಪಾಲೆಯೆಂದು ತಪ್ಪಿ ತರಬಹುದಾದ ಕಾಸರಕನ ಕೆತ್ತೆಯಲ್ಲಿ ಬ್ರೂಸಿನ್ ಮತ್ತು ಸ್ಟ್ರಿಕ್ನಿನ್ ಎಂಬ ವಿಷಗಳು ಇರುವುದರಿಂದ ಆ ಎಚ್ಚರ ಜೀವ ಉಳಿಸುವಂಥದ್ದು. ಆದುದರಿಂದ ಮಾದರಿಯ ಡಬ್ಬಿಯ ಮೇಲೆ ಮರದ ಜಾತಿ, ಭಾಗ, ಕೊಯ್ದ ದಿನ ಇವನ್ನು ಮಿಲ್ಲಿನಲ್ಲಿ ನಿಂತುಕೊಂಡೇ ಬರೆಯಿರಿ. ಮರದ ಹುಡಿಯನ್ನು ಕ್ಯಾನ್ಸರ್ ಉಂಟುಮಾಡುವ ಪದಾರ್ಥಗಳ ಮೊದಲ ಗುಂಪಿಗೆ ಸೇರಿಸಲಾಗಿದೆ. ಮೂಗು, ಬಾಯಿ ಮುಚ್ಚುವ ಮಾಸ್ಕ್ ಧರಿಸಿಯೇ ಹುಡಿ ತುಂಬಿಸಿ.