ಗಣಿ ಕೆಡಿಸಿದ ಮಣ್ಣಿಗೆ ಇದ್ದಿಲು: ಸಂಡೂರಿನ ಲೆಕ್ಕ ಬೇರೆ, ಹಟ್ಟಿಯದು ಬೇರೆ

ಗಣಿಯಿಂದ ಕೆಟ್ಟ ಹೊಲಕ್ಕೆ ಬಯೋಚಾರ್, ಅಂದರೆ ಮಣ್ಣಿಗೆ ಸೇರಿಸಲೆಂದೇ ಸುಟ್ಟ ಇದ್ದಿಲು, ಹಾಕಿ ಎಂದು ಯಾರಾದರೂ ಹೇಳಿದರೆ, ಬಳ್ಳಾರಿ-ರಾಯಚೂರು ಸೀಮೆಯ ರೈತ ಮೊದಲು ಕೇಳಬೇಕಾದದ್ದು: ಯಾವ ಗಣಿ? ಸಂಡೂರಿನ ಕಬ್ಬಿಣದ ಅದಿರು ಮಣ್ಣಿಗೆ ಮಾಡಿದ ಕೇಡೇ ಬೇರೆ, ಹಟ್ಟಿಯ ಚಿನ್ನದ ಗಣಿ ಮಣ್ಣಿನ ಸಮಸ್ಯೆಯೇ ಬೇರೆ. ಅಲ್ಲಿ ಮದ್ದಾಗುವ ಇದ್ದಿಲು ಇಲ್ಲಿ ಉಪದ್ರವವೂ ಆದೀತು.

ಸಂಡೂರಿಗೆ ಗಣಿ ಹೊಸದಲ್ಲ. ಕಳೆದ ಶತಮಾನದ ಆರಂಭದಲ್ಲೇ ಇಲ್ಲಿ ಮ್ಯಾಂಗನೀಸ್ ತೆಗೆಯುತ್ತಿದ್ದರು. 1970ರ ದಶಕದಲ್ಲಿ ದೋಣಿಮಲೈ ಕಬ್ಬಿಣದ ಗಣಿ ಶುರುವಾಯಿತು. ಗುಡ್ಡಗಳ ಚಹರೆ ಬದಲಾದದ್ದು ಮಾತ್ರ 2000ದ ನಂತರ, ಚೀನಾದ ಉಕ್ಕಿನ ಹಸಿವು ಏರಿದಾಗ. ಆ ವರ್ಷಗಳಲ್ಲಿ ಅದಿರು ಲಾರಿಗಳ ದಾರಿಯ ಪಕ್ಕದ ಹೊಲಗಳಲ್ಲಿ ಮೆಣಸಿನ ಗಿಡದ ಎಲೆಯನ್ನು ಬೆರಳಲ್ಲಿ ಒರೆಸಿದರೆ ಬೆರಳು ಕೆಂಪಾಗುತ್ತಿತ್ತು. ಅರಳಿದ ಹತ್ತಿಯೂ ಕೆಂಪೇ. ಮಾರುಕಟ್ಟೆಯಲ್ಲಿ ಅದಕ್ಕೆ ಬೆಲೆ ಸಿಗುವುದಾದರೂ ಹೇಗೆ?

ಅಕ್ರಮ ಗಣಿಗಾರಿಕೆಯ ಬಗ್ಗೆ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಎನ್. ಸಂತೋಷ್ ಹೆಗ್ಡೆ ಅವರ ವರದಿಗಳು 2008 ಮತ್ತು 2011ರಲ್ಲಿ ಬಂದವು. ಸಮಾಜ ಪರಿವರ್ತನ ಸಮುದಾಯ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2011ರ ಜುಲೈ 29ರಂದು ಬಳ್ಳಾರಿಯ ಗಣಿಗಾರಿಕೆ ನಿಲ್ಲಿಸಿತು. 2013ರ ಏಪ್ರಿಲ್ ತೀರ್ಪು, ಅಕ್ರಮದ ಪ್ರಮಾಣ ನೋಡಿ ಗಣಿಗಳನ್ನು ಎ, ಬಿ, ಸಿ ಎಂದು ಮಾಡಿದ್ದ ವಿಂಗಡಣೆಯನ್ನು ಒಪ್ಪಿ, ಸಿ ದರ್ಜೆಯ ಗುತ್ತಿಗೆಗಳನ್ನು ರದ್ದು ಮಾಡಿತು. ಮತ್ತೆ ಅಗೆಯಬೇಕೆಂದರೆ ಪುನಶ್ಚೇತನ ಯೋಜನೆಗೆ ಒಪ್ಪಲೇಬೇಕಾಯಿತು. ಅದರ ಕೆಲಸವೆಂದರೆ ತಡೆಗೋಡೆ, ಚೆಕ್ ಡ್ಯಾಂ, ಮಣ್ಣಿನ ರಾಶಿಯ ಮೇಲೆ ಗಿಡ. ಬೇಕಾದದ್ದೇ, ಮಳೆಗೆ ಗುಡ್ಡದ ಹೂಳು ಹಳ್ಳಕ್ಕಿಳಿಯುವುದನ್ನು ತಡೆಯದೆ ಕೆಳಗಿನ ಹೊಲಕ್ಕೆ ಏನು ಹಾಕಿದರೂ ದಂಡ. ಆದರೆ ಗುತ್ತಿಗೆಯ ಗಡಿಯಾಚೆ ಆಗಲೇ ಹೂಳು ಕುಳಿತಿದ್ದ ಮಸಾರಿ ಹೊಲದ ಮೇಲೆ ಯೋಜನೆಗಳ ಕಣ್ಣು ಅಷ್ಟಾಗಿ ಬೀಳಲಿಲ್ಲ ಎಂದೇ ನನಗನಿಸುತ್ತದೆ.

ಆ ಹೊಲದಲ್ಲಿ ಕಬ್ಬಿಣ ದೊಡ್ಡ ವಿಷವೇನಲ್ಲ. ನುಣ್ಣನೆ ಹೂಳು ಒಣಗಿ ಹೆಪ್ಪುಗಟ್ಟುತ್ತದೆ, ನೀರು ಇಂಗುವುದಿಲ್ಲ. ಹಾಕಿದ ರಂಜಕವನ್ನು ಕಬ್ಬಿಣ ಹಿಡಿದಿಟ್ಟುಕೊಂಡು ಬೇರಿಗೆ ಬಿಡುವುದಿಲ್ಲ. ಸಾವಯವ ಅಂಶವಂತೂ ಇಲ್ಲವೇ ಇಲ್ಲ. ಇಲ್ಲಿ ಬಯೋಚಾರ್‌ಗೆ ಕೆಲಸವಿದೆ: ಅದರ ಸಣ್ಣ ಸಣ್ಣ ರಂಧ್ರಗಳು ನೀರು ಹಿಡಿಯುತ್ತವೆ, ಸೂಕ್ಷ್ಮಜೀವಿಗಳಿಗೆ ನೆಲೆಯಾಗುತ್ತವೆ. ಬರೀ ಇದ್ದಿಲು ಹಾಕಿದರೆ ಮಾತ್ರ ಮಣ್ಣಿನಲ್ಲಿದ್ದ ಸಾರಜನಕವನ್ನೂ ಅದೇ ಹೀರಿಕೊಂಡು ಮೊದಲ ಬೆಳೆ ಹಳದಿಯಾದೀತು. ತಿಪ್ಪೆಗೊಬ್ಬರ, ಗಂಜಲದಲ್ಲಿ ಕೆಲವು ವಾರ ನೆನೆಸಿಯೇ ಹಾಕಬೇಕು.

ಕಚ್ಚಾ ಮಾಲಿಗೆ ಬರವಿಲ್ಲ. ಹತ್ತಿ ಕಟ್ಟಿಗೆ ಇದೆ, ಗಂಗಾವತಿ-ಸಿಂಧನೂರಿನ ರೈಸ್ ಮಿಲ್ಲುಗಳ ಹೊಟ್ಟು ಇದೆ, ಎಲ್ಲಿ ನೋಡಿದರೂ ಬಳ್ಳಾರಿ ಜಾಲಿ ಇದೆ. ಬಾಯಿ ಅಗಲ, ತಳ ಕಿರಿದಾದ ಗುಂಡಿ ತೋಡಿ, ಮೇಲಿನಿಂದ ಬೆಂಕಿ ಹಚ್ಚಿ, ಕಟ್ಟಿಗೆಯ ಮೇಲೆ ಬಿಳಿ ಬೂದಿಯ ಪೊರೆ ಕಾಣುತ್ತಿದ್ದಂತೆ ಇನ್ನೊಂದು ಪದರ ಹಾಕುತ್ತಾ ಹೋಗಬೇಕು. ಮೇಲಿನ ಜ್ವಾಲೆ ಗಾಳಿಯನ್ನು ತಾನೇ ತಿನ್ನುವುದರಿಂದ ಕೆಳಗಿನದು ಬೂದಿಯಾಗದೆ ಇದ್ದಿಲಾಗುತ್ತದೆ. ಗುಂಡಿ ತುಂಬಿದ ಮೇಲೆ ಧಾರಾಳವಾಗಿ ನೀರು ಸುರಿಯಬೇಕು. ಜಿಪುಣತನ ಮಾಡಿದರೆ ಬೆಳಗಾಗುವುದರೊಳಗೆ ಉಳಿಯುವುದು ಬೂದಿ.

ಲೆಕ್ಕ ಇರುವುದು ಇಲ್ಲಿ. ಹೆಕ್ಟೇರಿಗೆ 10 ಟನ್ ಬಯೋಚಾರ್ ಎಂದರೆ ಎಕರೆಗೆ 4 ಟನ್. ಒಣ ಕಟ್ಟಿಗೆಯ ತೂಕದಲ್ಲಿ ಚೆನ್ನಾಗಿ ಸುಟ್ಟರೆ ಇದ್ದಿಲಾಗಿ ಉಳಿಯುವುದು ಕಾಲು ಭಾಗದಿಂದ ಮೂರನೇ ಒಂದು ಭಾಗ, ಹಾಗಾಗಿ ಬೇಕಾಗುವ ಕಟ್ಟಿಗೆ ಕಡಿಮೆಯೆಂದರೂ 12ರಿಂದ 16 ಟನ್. ಎಕರೆ ಹತ್ತಿಯಿಂದ ಹೆಚ್ಚೂಕಡಿಮೆ ಒಂದು ಟನ್ ಕಟ್ಟಿಗೆ ಬರುತ್ತದೆ ಎಂದುಕೊಂಡರೂ, ಒಂದು ಎಕರೆ ಸರಿಮಾಡಲು ಕನಿಷ್ಠ ಹನ್ನೆರಡು ಎಕರೆಯದ್ದನ್ನು ಹೊತ್ತು ತರಬೇಕು. ಕೂಲಿ, ಟ್ರ್ಯಾಕ್ಟರ್ ಬಾಡಿಗೆ ರೈತನ ಕೈಯಿಂದ ಆಗುವ ಮಾತಲ್ಲ. 2015ರ ಕಾನೂನು ತಿದ್ದುಪಡಿಯಿಂದ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ಹಣ ಗಣಿಬಾಧಿತರಿಗೆಂದೇ ಇರುವುದು. ಈ ಖರ್ಚು ಅಲ್ಲಿಂದ ಬರುವುದೇ ನ್ಯಾಯ.

ಇನ್ನು ಹಟ್ಟಿ. ಇದ್ದಿಲು ನೆಲದೊಳಗೆ ಬೇಗ ಕೊಳೆಯುವುದಿಲ್ಲ. ಹಾಗಾಗಿ ಒಮ್ಮೆ ಹೊಲಕ್ಕೆ ಸೇರಿಸಿದ್ದನ್ನು ವಾಪಸ್ ತೆಗೆಯುವ ದಾರಿಯೂ ಇಲ್ಲ, ಇಲ್ಲಂತೂ ಯೋಚಿಸಿಯೇ ಹಾಕಬೇಕು. ಹಟ್ಟಿಯ ಚಿನ್ನದ ಶಿಲೆಯ ಜೊತೆ ಆರ್ಸೆನೋಪೈರೈಟ್ ಎಂಬ ಖನಿಜ ಇರುತ್ತದೆ, ಅಂದರೆ ವಿಷವಾದ ಆರ್ಸೆನಿಕ್. ಸೀಸ, ಕ್ಯಾಡ್ಮಿಯಂಗಳನ್ನು ಬಯೋಚಾರ್ ಹಿಡಿದಿಟ್ಟುಕೊಳ್ಳುತ್ತದೆ. ಆರ್ಸೆನಿಕ್ ಜಾತಿಯೇ ಬೇರೆ. ಇದ್ದಿಲು ಮಣ್ಣಿನ ಕ್ಷಾರ ಹೆಚ್ಚಿಸಿದಂತೆ, ಅದರಲ್ಲಿನ ರಂಜಕ ಬಿಡುಗಡೆಯಾದಂತೆ, ಮಣ್ಣಿಗೆ ಅಂಟಿದ್ದ ಆರ್ಸೆನಿಕ್ ಬಿಟ್ಟುಕೊಂಡು ನೀರಿಗಿಳಿಯಬಹುದು. ಕಬ್ಬಿಣದ ಲವಣ ಸೇರಿಸಿ ತಯಾರಿಸಿದ ಬಯೋಚಾರ್ ಅದನ್ನು ಹಿಡಿಯುತ್ತದೆ, ಆದರೆ ಅದು ಗುಂಡಿಯಲ್ಲಿ ಸುಟ್ಟು ಹಾಕುವಂಥದ್ದಲ್ಲ, ಪ್ರಯೋಗಾಲಯದ ಉಸ್ತುವಾರಿ ಬೇಕು.

ಆದ್ದರಿಂದ ಹಟ್ಟಿ ಸುತ್ತಲಿನವರು ಇದ್ದಿಲಿನ ಗೊಡವೆಗೆ ಹೋಗುವ ಮೊದಲು ಮಣ್ಣು ಮತ್ತು ಕೊಳವೆಬಾವಿಯ ನೀರು ಎರಡನ್ನೂ ಆರ್ಸೆನಿಕ್‌ಗೆಂದೇ ಬೇರೆಯಾಗಿ ಪರೀಕ್ಷೆಗೆ ಕೊಡಬೇಕು. ಸರ್ಕಾರ ಕೊಡುವ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ಕಬ್ಬಿಣವಿದೆ, ಸತುವಿದೆ, ಬೋರಾನ್ ಇದೆ, ಆರ್ಸೆನಿಕ್ ಇಲ್ಲ.