ಪಿಸಿಓಎಸ್: ಅಂಡಾಶಯದಿಂದ ಇನ್ಸುಲಿನ್‌ವರೆಗೆ

ಡೊಂಬಿವಲಿಯಿಂದ ಗೋರೆಗಾಂವ್‌ವರೆಗೆ ಮುಂಬೈಯ ನಮ್ಮ ಕನ್ನಡದ ಮನೆಗಳಲ್ಲಿ ಹುಡುಗಿಗೆ ಎರಡು-ಮೂರು ತಿಂಗಳು ಮುಟ್ಟು ಬಾರದಿದ್ದರೆ ಹಿರಿಯರು ಹೇಳುವುದು ಒಂದೇ ಮಾತು: “ಮದುವೆಯಾದ ಮೇಲೆ ಎಲ್ಲ ಸರಿಯಾಗ್ತದೆ.” ಸರಿಯಾಗುವುದಿಲ್ಲ. ಮಗುವಾಗಲಿಲ್ಲ ಎಂದಾಗಲೇ ಸೋನೋಗ್ರಫಿ, ಆಗಲೇ ಪಿಸಿಓಎಸ್ (ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್, ಮುಟ್ಟನ್ನು ಏರುಪೇರಾಗಿಸುವ ಹಾರ್ಮೋನಿನ ತೊಂದರೆ) ಎಂಬ ಹೆಸರು. ಅದಕ್ಕೆ ಮೊದಲಿನ ವರ್ಷಗಳಲ್ಲಿ ದೇಹದೊಳಗೆ ಏನು ನಡೆಯುತ್ತಿತ್ತೆಂದು ಯಾರೂ ಕೇಳಿರುವುದಿಲ್ಲ.

ವೈದ್ಯಶಾಸ್ತ್ರವೂ ಇದನ್ನು ಮೊದಲು ಕಂಡದ್ದು ಹೀಗೆಯೇ. 1935ರಲ್ಲಿ ಶಿಕಾಗೋದ ವೈದ್ಯರಾದ ಸ್ಟೈನ್ ಮತ್ತು ಲೆವೆಂತಾಲ್ ಮುಟ್ಟು ನಿಂತ ಏಳು ಮಹಿಳೆಯರ ಬಗ್ಗೆ ಬರೆದರು. ಊದಿದ ಅಂಡಾಶಯದ ಒಂದು ತುಂಡನ್ನು ಕತ್ತರಿಸಿ ತೆಗೆದಾಗ ಏಳೂ ಜನರಿಗೆ ಮುಟ್ಟು ಮರಳಿತು, ಇಬ್ಬರು ಗರ್ಭಿಣಿಯರಾದರು. ಅಲ್ಲಿಂದ ದಶಕಗಳ ಕಾಲ ಇದು ಅಂಡಾಶಯದ ಕಾಯಿಲೆಯಾಗಿಯೇ ಉಳಿಯಿತು. ಆದರೆ ಅದಕ್ಕೂ ಮೊದಲು, 1921ರಲ್ಲೇ, ಫ್ರಾನ್ಸಿನ ಆಶಾರ್ ಮತ್ತು ತಿಯೇರ್ ಗಡ್ಡ ಬಂದ ಮಹಿಳೆಯರಲ್ಲಿ ಸಕ್ಕರೆ ಕಾಯಿಲೆಯನ್ನು ಗುರುತಿಸಿದ್ದರು. ಪಿಸಿಓಎಸ್ ಇದ್ದವರ ರಕ್ತದಲ್ಲಿ ಇನ್ಸುಲಿನ್, ಅಂದರೆ ಸಕ್ಕರೆಯನ್ನು ಹತೋಟಿಯಲ್ಲಿಡುವ ಹಾರ್ಮೋನು, ಹೆಚ್ಚಿರುತ್ತದೆ ಎಂದು ಅಮೆರಿಕದ ಸಂಶೋಧಕರು ತೋರಿಸುವ ಹೊತ್ತಿಗೆ 1980 ಬಂದಿತ್ತು.

ಒಳಗೆ ನಡೆಯುವುದು ಇಷ್ಟು. ಮಿದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಎಲ್‌ಎಚ್ ಹಾರ್ಮೋನು ಹಲವರಲ್ಲಿ ಹೆಚ್ಚು ಸುರಿಯುತ್ತದೆ. ಅದು ಅಂಡಾಶಯದಿಂದ ಆಂಡ್ರೋಜೆನ್, ಅಂದರೆ ಗಂಡು ಹಾರ್ಮೋನು, ಹೊರಡಿಸುತ್ತದೆ. ಏರಿದ ಇನ್ಸುಲಿನ್ ಈ ಕೆಲಸಕ್ಕೆ ಇನ್ನಷ್ಟು ಒತ್ತು ಕೊಡುತ್ತದೆ. ಜೊತೆಗೆ ಆಂಡ್ರೋಜೆನ್‌ಗಳಲ್ಲೊಂದಾದ ಟೆಸ್ಟೋಸ್ಟೆರೋನನ್ನು ಹಿಡಿದಿಡುವ ಪ್ರೋಟೀನನ್ನು ಯಕೃತ್ತು ಕಡಿಮೆ ತಯಾರಿಸುವಂತೆ ಮಾಡುತ್ತದೆ. ಗಲ್ಲದ ಮೇಲೆ ಕೂದಲು, ನಿಲ್ಲದ ಮೊಡವೆ, ತೆಳುವಾಗುವ ನೆತ್ತಿ ಆಂಡ್ರೋಜೆನ್‌ನಿಂದ. ಕತ್ತಿನ ಹಿಂದೆ ದಪ್ಪಗೆ ಕಪ್ಪಾಗುವ ಚರ್ಮ ಇನ್ಸುಲಿನ್‌ನಿಂದ. ಆ ಕಪ್ಪನ್ನು ಕೊಳೆಯೆಂದು ತಿಕ್ಕಿ ತೊಳೆಸಿಕೊಂಡ ಹುಡುಗಿಯರು ಎಷ್ಟೋ. ಅಂಡವನ್ನು ಹೊತ್ತು ಅರ್ಧಕ್ಕೆ ಬೆಳೆದು ನಿಂತ ಪುಟ್ಟ ಚೀಲಗಳೇ ಸೋನೋಗ್ರಫಿಯಲ್ಲಿ ಸಾಲಾಗಿ ಕಾಣುವ ಗುಳ್ಳೆಗಳು. ಅವು ಗಡ್ಡೆಗಳಲ್ಲ, ಕತ್ತರಿಸಿ ತೆಗೆಸಬೇಕಾಗಿಲ್ಲ. ಅಂಡ ಬಿಡುಗಡೆಯಾಗದೆ ಪ್ರೊಜೆಸ್ಟೆರೋನ್ ಹಾರ್ಮೋನು ಸಿಗದ ಗರ್ಭಕೋಶದ ಒಳಪದರ ಮಾತ್ರ ತಿಂಗಳುಗಟ್ಟಲೆ ದಪ್ಪವಾಗುತ್ತ ಹೋಗುತ್ತದೆ, ಮುಂದೆ ಅಲ್ಲಿ ಕ್ಯಾನ್ಸರಿನ ಅಪಾಯವೂ ಏರುತ್ತದೆ. ಮೂರು ತಿಂಗಳು ಮುಟ್ಟಿಲ್ಲದಿದ್ದರೆ ಡಾಕ್ಟರಲ್ಲಿಗೆ ಹೋಗಿ ಎನ್ನುವುದು ಅದಕ್ಕೇ.

ಯಾರಿಗೆ ಪಿಸಿಓಎಸ್ ಇದೆ ಎಂಬ ಲೆಕ್ಕವೂ ಅಳತೆಗೋಲು ಬದಲಾದಂತೆ ಬದಲಾಗುತ್ತದೆ. 2003ರ ರಾಟರ್‌ಡ್ಯಾಂ ಮಾನದಂಡದಲ್ಲಿ ಏರುಪೇರಾದ ಮುಟ್ಟು, ಆಂಡ್ರೋಜೆನ್ ಹೆಚ್ಚಳ, ಸೋನೋಗ್ರಫಿಯ ಚಿತ್ರ ಈ ಮೂರರಲ್ಲಿ ಎರಡಿದ್ದರೆ ಸಾಕು. ಮುಂಬೈಯ 15ರಿಂದ 24 ವರ್ಷದ ಹುಡುಗಿಯರ ಬಗ್ಗೆ 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಈ ಮಾನದಂಡದಂತೆ ಶೇ 22.5 ಮಂದಿಗೆ ಪಿಸಿಓಎಸ್. ಆಂಡ್ರೋಜೆನ್ ಹೆಚ್ಚಳ ಇರಲೇಬೇಕೆನ್ನುವ ಇನ್ನೊಂದು ಮಾನದಂಡದಂತೆ ಶೇ 10.7. ಹುಡುಗಿಯರು ಅವರೇ.

ಎಳೆಯ ಹುಡುಗಿಯರ ಸೋನೋಗ್ರಫಿಯನ್ನು ನಂಬಿ ಹೆದರಿಸುವುದು ತಪ್ಪೆಂದೇ ನನ್ನ ಅಭಿಪ್ರಾಯ. ಮೊದಲ ಮುಟ್ಟಿನಿಂದ ಎಂಟು ವರ್ಷದೊಳಗೆ ಅದರ ಆಧಾರದಲ್ಲಿ ಪಿಸಿಓಎಸ್ ತೀರ್ಮಾನಿಸಬಾರದೆಂದು 2018ರ ಅಂತರರಾಷ್ಟ್ರೀಯ ಮಾರ್ಗಸೂಚಿಯೇ ಹೇಳಿದೆ.

“ತೆಳ್ಳಗಿದ್ದಾಳೆ, ಇವಳಿಗೆಂಥ ಸಕ್ಕರೆ” ಎನ್ನುವವರು ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರ ಕೆಲಸವನ್ನು ನೋಡಬೇಕು. 2004ರಲ್ಲಿ ಅವರೂ ಬ್ರಿಟನ್ನಿನ ಸಹೋದ್ಯೋಗಿ ಯುಡ್ಕಿನ್ ಅವರೂ ತಮ್ಮದೇ ಅಳತೆಗಳನ್ನು ಪ್ರಕಟಿಸಿದರು. ಇಬ್ಬರ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಅಳತೆ) 22.3, ದೇಹದ ಕೊಬ್ಬು ಮಾತ್ರ ಯುಡ್ಕಿನ್‌ಗೆ ಶೇ 9.1, ಯಾಜ್ಞಿಕ್‌ಗೆ ಶೇ 21.2. ತೆಳ್ಳಗೆ ಕಂಡರೂ ಒಳಗೆ ಕೊಬ್ಬಿರಬಹುದು, ಹಾಗಾಗಿ ಪಿಸಿಓಎಸ್ ಇರುವ ತೆಳ್ಳಗಿನ ಹುಡುಗಿಗೂ ಸಕ್ಕರೆ ಪರೀಕ್ಷೆ ಬೇಕು. 2023ರ ಮಾರ್ಗಸೂಚಿ ವಯಸ್ಸು, ತೂಕ ನೋಡದೆ ಪತ್ತೆಯಾದಾಗೊಮ್ಮೆ, ಆಮೇಲೆ ಒಂದರಿಂದ ಮೂರು ವರ್ಷಕ್ಕೊಮ್ಮೆ ಅದನ್ನು ಮಾಡಿಸಲು ಹೇಳುತ್ತದೆ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆಯ ನಂತರ ರಕ್ತ ನೋಡುವ ವಿಧಾನವೇ ಹೆಚ್ಚು ನಿಖರ. ಮದುವೆ ನಿಶ್ಚಯವಾಗುವವರೆಗೆ ಇದಕ್ಕೆ ಕಾಯಬೇಕಾಗಿಲ್ಲ.